ಸಕ್ಕರೆ ಜಿಲ್ಲೆಯ ಸರಾಸರಿ



ನಮ್ಮ ಮಂಡ್ಯ ಜಿಲ್ಲೆಯನ್ನು ಕುರಿತು ಯಾರು ಬರೆದರೂ ಮೊದಲ ವಾಕ್ಯ ಒಂದೇ: ಇದು ಸಕ್ಕರೆಯ ಜಿಲ್ಲೆ, ನೀರಾವರಿಯ ನಾಡು. ಮಾತು ಸುಳ್ಳಲ್ಲ. ಆದರೆ ಅಷ್ಟಕ್ಕೇ ನಿಂತರೆ ಜಿಲ್ಲೆಯ ನಿಜವಾದ ಕಷ್ಟ ಕಣ್ಣಿಗೆ ಬೀಳುವುದಿಲ್ಲವೆಂಬುದು ನನ್ನ ಅಭಿಪ್ರಾಯ. ಭೂಗೋಳ ಪಾಠ ಹೇಳಿಕೊಂಡು ಬಂದವನಾದ್ದರಿಂದ ನೆಲ, ದುಡಿಮೆ, ಜನ ಎಂಬ ಕ್ರಮದಲ್ಲಿಯೇ ವಿಷಯವನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ನೆಲ. 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟ ಈ ಜಿಲ್ಲೆಗೆ ಏಳು ತಾಲ್ಲೂಕುಗಳು. ವಿಸ್ತೀರ್ಣ ಸುಮಾರು 4,960 ಚದರ ಕಿಲೋಮೀಟರು. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸರಿಸುಮಾರು 700 ಮಿಲಿಮೀಟರು. ಅದು ರಾಗಿಗೆ ಸಾಕು, ಕಬ್ಬಿಗೆ ಸಾಲದು. ಕಬ್ಬನ್ನು ತಂದದ್ದು ಮಳೆಯಲ್ಲ. ಕನ್ನಂಬಾಡಿ ಕಟ್ಟೆ ಮತ್ತು ವಿಶ್ವೇಶ್ವರಯ್ಯ ನಾಲೆ. ಅದರ ಬೆನ್ನಿಗೇ, 1933ರಲ್ಲಿ, ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರ ಶ್ರಮದಿಂದ ಮಂಡ್ಯದಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಆದರೆ ನಾಲೆಯ ನೀರು ಎಲ್ಲರಿಗೂ ಒಂದೇ ಸಮನಾಗಿ ಮುಟ್ಟುವುದಿಲ್ಲ. ಮಂಡ್ಯದ ಬಯಲಿನಲ್ಲಿ ತುಂಬಿ ಹರಿದದ್ದು ಮದ್ದೂರು, ಮಳವಳ್ಳಿಗಳ ಕೊನೆಯ ಭಾಗಕ್ಕೆ ಬರುವಷ್ಟರಲ್ಲಿ ಸೊರಗಿರುತ್ತದೆ. ನಾಗಮಂಗಲದ ಹೊಲಗಳಂತೂ ಬಹುಪಾಲು ಇಂದಿಗೂ ಆಕಾಶವನ್ನೇ ನಂಬಿವೆ.

ಮಳವಳ್ಳಿ ತಾಲ್ಲೂಕಿನ ಸ್ಥಿತಿ ಇನ್ನೂ ವಿಚಿತ್ರ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೆ. ಇದೇ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಕಾವೇರಿಯ ನೀರು ಸುಮಾರು 100 ಕಿಲೋಮೀಟರು ಏರುದಾರಿಯಲ್ಲಿ ಬೆಂಗಳೂರಿಗೆ ಹೋಗುತ್ತಿದೆ. 2024ರ ಅಕ್ಟೋಬರಿನಲ್ಲಿ ಅದರ ಐದನೆಯ ಹಂತವೂ ಆರಂಭವಾಯಿತು. ಕುಡಿಯುವ ನೀರಿಗೆ ಯಾರೂ ಅಡ್ಡಿ ಹೇಳಬಾರದು, ನಾನೂ ಹೇಳುವುದಿಲ್ಲ. ಆದರೆ ನೀರು ಹೋದ ದಾರಿಯಲ್ಲಿಯೇ ನಮ್ಮ ಹುಡುಗರೂ ಹೋದರೆಂಬುದನ್ನು ಗಮನಿಸಬೇಕು.

ಎರಡನೆಯದು ದುಡಿಮೆ. ಕಬ್ಬು ವರ್ಷದ ಬೆಳೆ. ಹೊಸ ನಾಟಿಯೋ ಕೂಳೆಯೋ, ಹಣ ಕೈಗೆ ಬರುವುದು ಕಾರ್ಖಾನೆ ಅರೆದ ಮೇಲೆ. ಮಂಡ್ಯದ ಕಾರ್ಖಾನೆ ಹಲವು ವರ್ಷ ನಿಂತುಹೋಗಿ 2022ರಲ್ಲಿ ಮತ್ತೆ ಅರೆಯತೊಡಗಿತು. ನಿಂತಿದ್ದ ಕಾಲದಲ್ಲಿ ರೈತರು ಹೊರಗಿನ ಕಾರ್ಖಾನೆಗಳನ್ನೂ ಆಲೆಮನೆಗಳನ್ನೂ ಅವಲಂಬಿಸಿದರು. ಈಗ ಕಬ್ಬು ಕಡಿಯಲು ಬಳ್ಳಾರಿ ಕಡೆಯ ಆಳುಗಳು ಬರುತ್ತಾರೆ, ಬೆಲ್ಲ ಕಾಯಿಸಲು ಉತ್ತರ ಪ್ರದೇಶದವರು ಬರುತ್ತಾರೆ. 2023ರ ಮಾರ್ಚಿನಲ್ಲಿ ಮದ್ದೂರಿನ ಗೆಜ್ಜಲಗೆರೆಯಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯ ಉದ್ಘಾಟನೆಯಾಯಿತು. ವಾಹನಗಳು ಊರುಗಳನ್ನು ಬಳಸಿಕೊಂಡು ಹೋಗುವಂತಾಗಿ, ಮದ್ದೂರು ವಡೆಗೆಂದು ಹಳೆಯ ರಸ್ತೆಯಲ್ಲಿ ನಿಲ್ಲುತ್ತಿದ್ದವರು ಕಡಿಮೆಯಾದರು.

ಇನ್ನು ಜನ. 2001ರಲ್ಲಿ 17,63,705 ಇದ್ದ ಜನಸಂಖ್ಯೆ 2011ರಲ್ಲಿ 18,05,769 ಆಯಿತು. ಹತ್ತು ವರ್ಷಕ್ಕೆ ಏರಿಕೆ ಶೇಕಡಾ 2.4ರಷ್ಟು. ಅದೇ ಅವಧಿಯಲ್ಲಿ ರಾಜ್ಯದ ಏರಿಕೆ 15.6, ಬೆಂಗಳೂರು ನಗರ ಜಿಲ್ಲೆಯದು 47. ಹೆರಿಗೆಗಳು ಕಡಿಮೆಯಾದದ್ದು ಒಂದು ಕಾರಣ, ವಲಸೆ ಇನ್ನೊಂದು.

ನನ್ನನ್ನು ಹೆಚ್ಚು ಕಾಡುವುದು ಮತ್ತೊಂದು ಅಂಕಿ. 2011ರಲ್ಲಿ ಜಿಲ್ಲೆಯಲ್ಲಿ 1000 ಗಂಡಸರಿಗೆ 995 ಹೆಂಗಸರಿದ್ದರು. ರಾಜ್ಯದ ಸರಾಸರಿ 973. ಇದನ್ನು ನೋಡಿ ಸಂತೋಷಪಡುವವರುಂಟು. ಆದರೆ ಆರು ವರ್ಷದೊಳಗಿನ ಮಕ್ಕಳ ಲೆಕ್ಕಕ್ಕೆ ಬನ್ನಿ: ರಾಜ್ಯದಲ್ಲಿ 1000 ಗಂಡುಮಕ್ಕಳಿಗೆ 948 ಹೆಣ್ಣುಮಕ್ಕಳು, ನಮ್ಮಲ್ಲಿ 940ರ ಆಸುಪಾಸು. ದೊಡ್ಡವರಲ್ಲಿ ರಾಜ್ಯಕ್ಕಿಂತ ಮುಂದೆ, ಕೂಸುಗಳಲ್ಲಿ ರಾಜ್ಯಕ್ಕಿಂತ ಹಿಂದೆ! 1981 ಮತ್ತು 1991ರಲ್ಲಿ ಗಣತಿದಾರನಾಗಿ ಮನೆಮನೆ ಸುತ್ತಿದವನಿಗೆ ಈ ಒಗಟು ಬಿಡಿಸುವುದು ಕಷ್ಟವಲ್ಲ. ದುಡಿಯಲು ಊರು ಬಿಟ್ಟ ಗಂಡಸು ಬೆಂಗಳೂರಿನ ಲೆಕ್ಕಕ್ಕೆ ಸೇರುತ್ತಾನೆ. ತಾಯಿಯೂ ಅಜ್ಜಿಯೂ ಇಲ್ಲಿಯ ಲೆಕ್ಕದಲ್ಲಿ ಉಳಿಯುತ್ತಾರೆ. ಹುಟ್ಟಬೇಕಾಗಿದ್ದ ಹೆಣ್ಣು ಮಗು ಯಾವ ಲೆಕ್ಕಕ್ಕೂ ಸೇರುವುದಿಲ್ಲ. 995 ಎಂಬ ಸರಾಸರಿಯ ಕೆಳಗೆ ಈ ಎರಡು ಕೊರತೆಗಳೂ ಅಡಗಿವೆ.

2023ನೆಯ ಇಸವಿ ಇದನ್ನು ಬಯಲಿಗಿಟ್ಟಿತು. ಆ ವರ್ಷದ ಫೆಬ್ರವರಿಯಲ್ಲಿ ಹೆಣ್ಣು ಸಿಗದ ರೈತ ಯುವಕರು ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಅದೇ ವರ್ಷದ ನವೆಂಬರಿನಲ್ಲಿ, ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣದ ಲಿಂಗಪತ್ತೆ ನಡೆಯುತ್ತಿದ್ದ ಸಂಗತಿ ಪೊಲೀಸ್ ತನಿಖೆಯಿಂದ ಹೊರಬಿತ್ತು. ಬೆಲ್ಲ ಬೇಯುವ ಜಾಗದಲ್ಲಿ ಇಂಥ ಕೆಲಸ! ಎರಡು ಸುದ್ದಿಗಳನ್ನೂ ಜನ ಬೇರೆ ಬೇರೆಯಾಗಿ ಓದಿದರು. ನನಗೆ ಅವು ಒಂದೇ ಪಾಠದ ಎರಡು ಪುಟಗಳಾಗಿ ಕಂಡವು.

ರೈತನಿಗೆ ಹೆಣ್ಣು ಕೊಡುವುದಿಲ್ಲವೆಂದು ಹೆಣ್ಣು ಹೆತ್ತವರನ್ನು ದೂರುವುದು ಸುಲಭ. ಆದರೆ ಆ ಮನೆಗೆ ಹೋದ ಹುಡುಗಿಗೆ ದಕ್ಕುವುದೇನು? ಕೊಟ್ಟಿಗೆ, ಹಾಲಿನ ಡೇರಿ, ಕಳೆ, ರೇಷ್ಮೆ ಹುಳು ಎಲ್ಲದರ ದುಡಿಮೆ ಅವಳದು. ಪಹಣಿಯಲ್ಲಿ ಅವಳ ಹೆಸರಿಲ್ಲ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲೆಂದು ಕರ್ನಾಟಕ 1994ರಲ್ಲಿಯೇ ಕಾನೂನು ಮಾಡಿತು, 2005ರಲ್ಲಿ ಇಡೀ ದೇಶಕ್ಕೆ ಬಂತು. ಆದರೂ ಅರಿಶಿನ ಕುಂಕುಮಕ್ಕೆಂದು ತವರಿಗೆ ಕರೆದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ನಮ್ಮ ಬಂಧುಬಳಗದಲ್ಲಿಯೂ ನಿಂತಿಲ್ಲ. ನೆಲದಲ್ಲಿ ಪಾಲಿಲ್ಲದವಳು ನೆಲವನ್ನು ಏಕೆ ಪ್ರೀತಿಸಬೇಕು? ಮಗಳು ಖರ್ಚೆಂದು ಎಣಿಸುವ ಮನೆಯಲ್ಲಿ ಅವಳ ಜನನ ತಾನೇ ಹೇಗೆ ಹಬ್ಬವಾದೀತು?

ಕೊನೆಯ ಭಾಗಕ್ಕೆ ನೀರು ಮುಟ್ಟಿಸುವುದು, ಕಾರ್ಖಾನೆ ನಡೆಸುವುದು ಸರ್ಕಾರದ ಕೆಲಸ. ಅದನ್ನು ಕೇಳುತ್ತಲೇ ಇರೋಣ. ಪಹಣಿಯಲ್ಲಿ ಮಗಳ ಹೆಸರು ಸೇರಿಸುವುದು ನಮ್ಮ ಕೆಲಸ. ಅದಕ್ಕೆ ನಾಲೆಯ ನೀರಿಗಾಗಿ ಕಾಯಬೇಕಾಗಿಲ್ಲ.

2021ರಲ್ಲಿ ನಡೆಯಬೇಕಿದ್ದ ಜನಗಣತಿಗೆ ಈಗ 2027ರ ಮಾರ್ಚ್ 1 ಆಧಾರ ದಿನವೆಂದು ಗೊತ್ತಾಗಿದೆ. ನಿಮ್ಮಲ್ಲಿ ಮೇಷ್ಟರಾದವರು ಆ ಕೆಲಸಕ್ಕೆ ಹೋಗುವಿರಿ. ಜಿಲ್ಲೆಯ ಒಟ್ಟು ಅಂಕಿ ಬಂದಾಗ ಅಷ್ಟಕ್ಕೇ ತೃಪ್ತರಾಗದೆ ತಾಲ್ಲೂಕುವಾರು, ಮಕ್ಕಳ ಸಾಲಿನವರೆಗೂ ಓದಿ. ಭೂಮಿ ಇರುವವರು ಮಕ್ಕಳನ್ನು ಕೂರಿಸಿಕೊಂಡು ಈ ವಿಷಯ ಮಾತನಾಡಿ. ಒಪ್ಪದವರು ಏಕೆ ಒಪ್ಪುವುದಿಲ್ಲವೆಂದು ನನಗೆ ಬರೆಯಿರಿ, ಓದಿ ಉತ್ತರಿಸುತ್ತೇನೆ.