ಗುರುವಿನ 10 ನಿಮಿಷ

ಹಾಡು ಕಟ್ಟುವ ವಿದ್ಯೆಯೂ ಈಗ ಅಂತರ್ಜಾಲದ ಮೂಲಕ ಮನೆಗೆ ಬರುತ್ತಿದೆ. ಅಮೆರಿಕದ ಬಾಸ್ಟನ್ ನಗರದ ಬರ್ಕ್ಲೀ ಸಂಗೀತ ಕಾಲೇಜಿನಲ್ಲಿ ಗೀತರಚನೆಯನ್ನು ಬೋಧಿಸಿದ ಪ್ಯಾಟ್ ಪ್ಯಾಟಿಸನ್ನರು 2013ರಲ್ಲಿಯೇ ಆ ಪಾಠವನ್ನು ಅಂತರ್ಜಾಲಕ್ಕೆ ತಂದರು.

ಒಮ್ಮೆ ಚಿತ್ರೀಕರಿಸಿದ ಪಾಠವು ಸಾವಿರ ಮಂದಿಗೆ ಸಾಕು. ಆದರೆ ಶಿಷ್ಯರ ಹಾಡುಗಳನ್ನು ಒಂದೊಂದಾಗಿಯೇ ತಿದ್ದಬೇಕು. ಬೆಂಗಳೂರಿನ ಶಿಷ್ಯನೊಬ್ಬನು ಸಂಜೆ 7ಕ್ಕೆ ಪಾಠಕ್ಕೆ ಕುಳಿತರೆ, ಬೇಸಗೆಯಲ್ಲಿ ಬಾಸ್ಟನ್ನಿನ ಗಡಿಯಾರದಲ್ಲಿ ಬೆಳಗಿನ 9-30. ಶಿಷ್ಯನು ಕೊಡುವುದು ದಿನದ ಉಳಿಕೆಯನ್ನು. ಗುರುವು ಕೊಡುವುದು ದಿನದ ಕೆನೆಯನ್ನು. ಪರರ ಚರಣಗಳ ಕುಂಟನ್ನು ತಿದ್ದಿ ಏಳುವಷ್ಟರಲ್ಲಿ ಸ್ವಂತ ಪಲ್ಲವಿಯೇ ಮರೆತಿರುತ್ತದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬಂತಾಗುತ್ತದೆ.

ಇದಕ್ಕೆ ಮದ್ದು ಪ್ಯಾಟಿಸನ್ನರ ಪಾಠದಲ್ಲಿಯೇ ಇದೆ. ಬೆಳಗೆದ್ದೊಡನೆ ಯಾವುದಾದರೊಂದು ವಸ್ತುವನ್ನು ಆರಿಸಿಕೊಂಡು, ಅದರ ರೂಪ, ಗಂಧ, ನಾದ, ಸ್ಪರ್ಶಗಳನ್ನು 10 ನಿಮಿಷ ಬರೆದು, ಹೊತ್ತಾದೊಡನೆ ನಿಲ್ಲಿಸಬೇಕೆಂಬುದು ಅವರು ವಿಧಿಸಿದ ಸಾಧನೆ. ಶಿಷ್ಯರಿಗೆಂದು ಹೇಳಿದ ಈ ನಿಯಮವು ಗುರುವಿಗೇ ಹೆಚ್ಚು ಅವಶ್ಯ. ತಾನು ಈ ಬೆಳಗ್ಗೆ ಪದಕ್ಕಾಗಿ ತಡಕಾಡಿದವನಿಗೆ, ಶಿಷ್ಯನು ಎಲ್ಲಿ ತಡವರಿಸಿದ್ದಾನೆಂಬುದು ಥಟ್ಟನೆ ಹೊಳೆಯುತ್ತದೆ. ಶಿಷ್ಯರ ಓಲೆಗಳು ಆ 10 ನಿಮಿಷ ಕಾದಿರಲಿ. ಅದರಿಂದ ಅವರಿಗೂ ಲಾಭವೇ.