ಬಾಗಿಲು ಹಾಕಿದರೂ ಬಿಲ್ಲು ತಪ್ಪದು!

ಜಯನಗರ 4ನೇ ಬ್ಲಾಕಿನ ಅಂಗಡಿಗೆ ತಿಂಗಳಿಡೀ ಬೀಗ ಬಿದ್ದರೂ ಬೆಸ್ಕಾಂ ಬಿಲ್ಲಿನಲ್ಲಿ ಕಿಲೋವ್ಯಾಟ್ ಲೆಕ್ಕದ ನಿಗದಿತ ಶುಲ್ಕ ತಪ್ಪದು. ಸಾಲದ್ದಕ್ಕೆ 2025ರ ಏಪ್ರಿಲ್ 1ರಿಂದ ವಿದ್ಯುತ್ ನೌಕರರ ಪಿಂಚಣಿ ಬಾಬ್ತು ಯೂನಿಟ್ಟಿಗೆ 36 ಪೈಸೆಯೂ ಗ್ರಾಹಕರ ತಲೆಗೇ ಬಿತ್ತು.

ಹೀಗಾದರೆ ಬಂಡವಾಳ ನೆರೆರಾಜ್ಯಕ್ಕೆ ಓಡುತ್ತದೆಂಬುದು ಉದ್ಯಮಿಗಳ ಕೂಗು. 2023ರ ಜೂನ್ 22ರಂದು ದರ ಏರಿಕೆ ವಿರುದ್ಧ ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ ಬಂದ್‌ಗೂ ಕರೆಕೊಟ್ಟಿತ್ತು. ಕೂಗು ಸುಳ್ಳಲ್ಲ. ಆದರೆ ದೊಡ್ಡವರಿಗೆ ಬೇರೆ ದಾರಿಯುಂಟು. 2022ರ ಕೇಂದ್ರ ನಿಯಮದಂತೆ 100 ಕಿಲೋವ್ಯಾಟ್ ಇದ್ದವರು ಸೌರ, ಗಾಳಿ ಕರೆಂಟನ್ನು ಹೊರಗಿನಿಂದಲೇ ಕೊಳ್ಳಬಹುದು. 3 ಕಿಲೋವ್ಯಾಟಿನ ಜೆರಾಕ್ಸ್ ಅಂಗಡಿಯವನು ಎಲ್ಲಿಗೆ ಹೋಗ್ಬೇಕು?

ದೊಡ್ಡ ಗಿರಾಕಿ ಹೊರಹೋದಷ್ಟೂ ಭಾರ ಉಳಿದವರ ಮೇಲೆ. ದರ ನಿಗದಿ ಮಾಡುವ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಯಾರು ಬೇಕಾದರೂ ಆಕ್ಷೇಪಣೆ ಬರೆದುಕೊಡಬಹುದು. ಬಹಿರಂಗ ವಿಚಾರಣೆ ದಿನ ಸುಮ್ಮನಿದ್ದು, ಬಿಲ್ಲು ಬಂದ ದಿನ ಮೀಟರ್ ರೀಡರನ್ನು ಬೈದರೆ ಏನು ಬಂತು?