ನಿಮ್ಮ ‘ಮೂಲ’ ಯಾವ ಇಸವಿಯದ್ದು?

‘ಮೂಲತಃ ಆ ಊರು ಯಾರದ್ದು ಹೇಳಿ?’ ಅಂತ ವಾದಕ್ಕೆ ನಿಲ್ಲುವವರನ್ನು ಒಮ್ಮೆ ಪೋಲೆಂಡಿನ ಕ್ಷಿಝೋವಾ ಹಳ್ಳಿಗೆ ಕರೆದೊಯ್ಯಬೇಕು. 1945ರ ತನಕ ಅದು ಜರ್ಮನಿಯ ಕ್ರೈಸಾವ್. ಅಲ್ಲಿನ ಮೋಲ್ಟ್ಕೆ ಮನೆತನದ ಎಸ್ಟೇಟಿನಲ್ಲಿ 1942-43ರಲ್ಲಿ ಮೂರು ಸಲ ಗೆಳೆಯರು ಸೇರಿ, ಹಿಟ್ಲರ್ ಹೋದಮೇಲೆ ದೇಶ ಹೇಗಿರಬೇಕು ಅಂತ ಚರ್ಚಿಸಿದ್ದರು. ಮನೆಯ ಯಜಮಾನ ಹೆಲ್ಮುಟ್ ಜೇಮ್ಸ್ ಅವರನ್ನು 1945ರ ಜನವರಿಯಲ್ಲಿ ನಾಜಿಗಳು ಗಲ್ಲಿಗೇರಿಸಿದರು. ಪತ್ನಿ ಫ್ರೇಯಾ ಕೂಡ ಅದೇ ವರ್ಷ ಊರು ಬಿಡಬೇಕಾಯ್ತು.

ಗಡಿ ಸರೀತು. ಜರ್ಮನರನ್ನು ಹೊರಗಟ್ಟಿದರು, ಪೋಲಿಷರು ಬಂದರು. ಆ ಸೀಮೆಗೆ ಬಂದವರಲ್ಲಿ ಎಷ್ಟೋ ಮಂದಿ ಸೋವಿಯತ್ ಪಾಲಾದ ಪೂರ್ವದ ಊರುಗಳಿಂದ ಎದ್ದುಬಂದವರು. ಸರ್ಕಾರ ಮಾತ್ರ ಇದನ್ನು ‘ಮರಳಿ ಪಡೆದ ಭೂಮಿ’ ಅಂತ ಕರೀತು. ಎಂಥಾ ಮರಳಿ ಪಡೆಯೋದು ಸ್ವಾಮಿ? ಅವರು ಕಳಕೊಂಡ ಮನೆ ಇನ್ನೆಲ್ಲೋ ಇತ್ತು, ಸಿಕ್ಕಿದ್ದು ಇನ್ಯಾರದೋ ಮನೆ!

ಹಿಂದಕ್ಕೆ ಹೋದರೆ ಆ ಸೀಮೆಯನ್ನಾಳಿದವರು ಪ್ರಷ್ಯಾ, ಹ್ಯಾಬ್ಸ್‌ಬರ್ಗ್, ಬೊಹೆಮಿಯಾ, ಪಿಯಾಸ್ಟರು. ಎಲ್ಲಿ ನಿಲ್ಲಿಸ್ತೀರಿ? ನಿಮಗೆ ಅನುಕೂಲವಾದ ಇಸವಿಯಲ್ಲಿ ತಾನೇ?

1989ರ ನವೆಂಬರ್ 12ರಂದು ಜರ್ಮನಿಯ ಕೋಲ್, ಪೋಲೆಂಡಿನ ಮಾಜೊವಿಯೆಟ್ಸ್ಕಿ ಅಪ್ಪಿಕೊಂಡದ್ದು ಇದೇ ಹಳ್ಳಿಯಲ್ಲಿ. ಇವತ್ತು ಆ ಎಸ್ಟೇಟಿನಲ್ಲಿ ಎರಡೂ ದೇಶದ ಹುಡುಗರು ಒಟ್ಟಿಗೆ ಕೂರ್ತಾರೆ. ಹೊರಬಿದ್ದವರ ದುಃಖವೂ ನಿಜ, ಬಂದು ನೆಲೆಸಿದವರ ಹಕ್ಕೂ ನಿಜ. ಒಂದನ್ನು ಒಪ್ಪೋಕೆ ಇನ್ನೊಂದನ್ನು ಅಳಿಸಬೇಕಿಲ್ಲ.